ವಿತ್ಯಾನ ಸಮಾಧಿಗೆ ಒಂದು ರವೆ ಉಂಡೆ

ಆಗಸ್ಟ್ 15ರ ಬೆಳಿಗ್ಗೆ ಇಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಬಾವುಟ ಹಾರಿಸಿದ್ದು ನೋಡಿಕೊಂಡು ಮಗನ ಜೊತೆ ಮನೆಗೆ ಬಂದೆ. ಹಿಂದಿನ ರಾತ್ರಿ ಕಟ್ಟಿದ್ದ ರವೆ ಉಂಡೆ ಡಬ್ಬಿಯಲ್ಲಿತ್ತು. ಎದುರುಮನೆ ಅಜ್ಜಿಗೆ ನಾಲ್ಕು ಕೊಟ್ಟು ಬರೋಣ ಅಂತ ಬಾಗಿಲು ತಟ್ಟಿದರೆ ಅವರು ಚಪ್ಪಲಿ ಬದಲಿಸಿ ಶೂ ಹಾಕಿಕೊಳ್ಳುತ್ತಿದ್ದರು. ಕೈಯಲ್ಲಿ ಎರಡು ಕೆಂಪು ಕಾರ್ನೇಷನ್ ಹೂವು. ನಾನು ಬಂದ ಖುಷಿಯಲ್ಲೇ "ಇವತ್ತು ನಮಗೆ ಹಬ್ಬ, ಬಾಯಿ ಸಿಹಿ ಮಾಡಿಕೊಳ್ಳಿ" ಅಂದುಬಿಟ್ಟೆ.

ಅಜ್ಜಿ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು.

"ನಿಮಗೆ ಹಬ್ಬ ಕಣಮ್ಮಾ. ನಮಗೆ ವಿತ್ಯಾ ಹೋದ ದಿನ."

ಆಗ ಹೂವಿನ ಲೆಕ್ಕ ಕಣ್ಣಿಗೆ ಬಿತ್ತು. ಇಲ್ಲಿ ಬದುಕಿರುವವರಿಗೆ ಕೊಡುವ ಹೂವು ಬೆಸ ಸಂಖ್ಯೆಯಲ್ಲಿರಬೇಕು, ತೀರಿಕೊಂಡವರಿಗೆ ಸಮ ಸಂಖ್ಯೆ. ಒಂಬತ್ತು ವರ್ಷದಿಂದ ಈ ಊರಲ್ಲಿದ್ದೇನೆ, ಇಷ್ಟು ಗೊತ್ತಾಗಬೇಕಿತ್ತು. ವಿತ್ಯಾ ಅಂದರೆ ಇವರ ತಮ್ಮನೋ, ಮಗನೋ, ಇಷ್ಟು ವರ್ಷ ಒಮ್ಮೆಯೂ ಹೇಳಲಿಲ್ಲವಲ್ಲ ಅಂತ ಯೋಚಿಸುತ್ತಾ ಡಬ್ಬಿ ಹಿಡಿದುಕೊಂಡು ಹಾಗೇ ನಿಂತೆ. ಪಕ್ಕದಲ್ಲಿದ್ದ ನನ್ನ ಹತ್ತು ವರ್ಷದ ಮಗ ತೋಳು ಜಗ್ಗಿದ. "ಅಮ್ಮಾ, ತ್ಸೊಯ್ ಬಗ್ಗೆ ಹೇಳ್ತಿದ್ದಾರೆ. ನಮ್ಮ ವಿತ್ಯಾ!"

ನಮ್ಮ ವಿತ್ಯಾ ಅಂದ ಅವನು. ಆ 'ನಮ್ಮ' ನನಗೆ ಎಲ್ಲೋ ಚುಚ್ಚಿತು. ಯಾಕೆ ಅಂತ ಆಗ ತಿಳಿಯಲಿಲ್ಲ.

ವಿತ್ಯಾ ಅಂದರೆ ವಿಕ್ಟರ್ ತ್ಸೊಯ್, ಸೋವಿಯತ್ ಕಾಲದ ರಾಕ್ ಹಾಡುಗಾರ. ಅವನ ಹೆಸರು ಈ ಊರಿನ ಗೋಡೆಗೋಡೆಯ ಮೇಲೂ ಇದೆ. 'ತ್ಸೊಯ್ ಝಿವ್', ತ್ಸೊಯ್ ಬದುಕಿದ್ದಾನೆ, ಅಂತ ಬಣ್ಣದಲ್ಲಿ ಬರೆದಿರುತ್ತಾರೆ. ನಾನು ದಿನಾ ಓದಿಕೊಂಡೇ ಓಡಾಡಿದವಳು. ಆದರೆ ಮಗನಿಗೆ ಅವನ ಪರಿಚಯ ಮಾಡಿಸಿದ್ದು ಈ ಅಜ್ಜಿ, ಅದೂ ಹೋದ ವಸಂತದಲ್ಲಿ. ಶಾಲೆಯಲ್ಲಿ ಯಾರೋ ಒಬ್ಬ ಹುಡುಗ "ನೀನು ನಮ್ಮವನಲ್ಲ, ನಿನ್ನ ಮುಖ ನೋಡು" ಅಂದಿದ್ದ. ಇವನು ನನಗೆ ಹೇಳದೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದನಂತೆ. ಅಜ್ಜಿ ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟು, ಗೋಡೆಯ ಮೇಲಿನ ಹಳೇ ಪೋಸ್ಟರ್ ತೋರಿಸಿದರಂತೆ. "ನೋಡು, ಇವನ ಅಪ್ಪನ ಕಡೆಯವರು ಕೊರಿಯಾ ಮೂಲದವರು. ಈ ಮುಖ ಇಟ್ಟುಕೊಂಡೇ ಇಡೀ ದೇಶಕ್ಕೆ ನಮ್ಮವನಾದ." ಆವತ್ತಿನಿಂದ ಇವನ ಕಿವಿಯಲ್ಲಿ ಸದಾ ತ್ಸೊಯ್. ಆ ಉಚ್ಚಾರ ನನಗೆ ಇನ್ನೂ ಬರುವುದಿಲ್ಲ, ಅವನಿಗೆ ನೀರು ಕುಡಿದಷ್ಟು ಸುಲಭ.

"ನಾವೂ ಬರ್ತೀವಿ" ಅಂದೆ ಅಜ್ಜಿಗೆ. ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ.

ಬೊಗೊಸ್ಲೊವ್ಸ್ಕೊಯೆ ಸ್ಮಶಾನ ಊರಿನ ಉತ್ತರಕ್ಕಿದೆ. ದಾರಿಯುದ್ದಕ್ಕೂ ಅಜ್ಜಿ ಮಾತಾಡಿದರು. ಅವರು ನಿವೃತ್ತಿಯಾಗುವವರೆಗೆ ಟ್ರಾಂ ಓಡಿಸಿದವರು, ಗದ್ದಲದ ನಡುವೆ ಗಟ್ಟಿಯಾಗಿ ಮಾತಾಡಿಯೇ ಅಭ್ಯಾಸ. ತ್ಸೊಯ್ ಹುಟ್ಟಿದ್ದು ಇದೇ ಊರಲ್ಲಿ, 1962ರ ಜೂನ್ 21ರಂದು. ಊರಿಗೆ ಆಗ ಲೆನಿನ್‌ಗ್ರಾಡ್ ಅಂತ ಹೆಸರು. ತಾಯಿ ಶಾಲೆಯಲ್ಲಿ ವ್ಯಾಯಾಮದ ಟೀಚರ್, ತಂದೆ ಇಂಜಿನಿಯರ್. ಚಿತ್ರಕಲಾ ಶಾಲೆಯವರು ಅವನನ್ನು ಹೊರಗೆ ಹಾಕಿದರು. ಮರದ ಕೆತ್ತನೆ ಕಲಿತ. ಗೆಳೆಯರನ್ನು ಸೇರಿಸಿಕೊಂಡು 'ಕಿನೋ' ಅಂತ ತಂಡ ಕಟ್ಟಿದ. ಕಿನೋ ಅಂದರೆ ಸಿನಿಮಾ. 1982ರಲ್ಲಿ ಬಂದ ಮೊದಲ ಆಲ್ಬಂ ಸುಮಾರು 45 ನಿಮಿಷ ಇತ್ತು, ಅದಕ್ಕೇ '45' ಅಂತ ಹೆಸರಿಟ್ಟುಬಿಟ್ಟರು.

"ಅಂಗಡಿಯಲ್ಲಿ ಎಲ್ಲಿ ಸಿಗುತ್ತಿತ್ತು? ಒಬ್ಬರ ಟೇಪಿಂದ ಇನ್ನೊಬ್ಬರು ಇಳಿಸಿಕೊಳ್ಳಬೇಕು. ಐದನೇ ಕೈಗೆ ಬರುವಷ್ಟರಲ್ಲಿ ಬರೀ ಸರಸರ ಸದ್ದು. ಆ ಸದ್ದಿನ ಹಿಂದೆ ಅವನ ದನಿ. ಈಗ ನಿನ್ನ ಮಗನ ಫೋನಲ್ಲಿ ಎಷ್ಟು ಚೊಕ್ಕವಾಗಿ ಕೇಳುತ್ತೆ, ಆದರೂ ನನಗೆ ಆ ಸರಸರ ಬೇಕು ಅನ್ನಿಸುತ್ತೆ."

ನನಗೆ ಹೆಚ್ಚು ಮನಸ್ಸಿಗೆ ಹಿಡಿಸಿದ್ದು ಬಾಯ್ಲರ್ ಕೋಣೆಯ ಕಥೆ. ಸೋವಿಯತ್ ಕಾಲದಲ್ಲಿ ಕೆಲಸವಿಲ್ಲದೆ ಇದ್ದರೆ ಕಾನೂನು ಪ್ರಕಾರ ಅಪರಾಧ. ಟೇಪಿನಲ್ಲಿ ಹಾಡುವುದನ್ನು ಸರ್ಕಾರ ಕೆಲಸ ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹಾಗಾಗಿ ಹಾಡುವವರು, ಬರೆಯುವವರು ಕಾವಲುಗಾರರಾಗಿ, ಕಸ ಗುಡಿಸುವವರಾಗಿ ಸೇರಿಕೊಳ್ಳುತ್ತಿದ್ದರು. ತ್ಸೊಯ್ 1986ರಿಂದ ಬ್ಲೋಖಿನಾ ಬೀದಿಯ ಒಂದು ನೆಲಮಾಳಿಗೆಯಲ್ಲಿ ಕಲ್ಲಿದ್ದಲು ಎತ್ತಿ, ಮನೆಗಳನ್ನು ಬೆಚ್ಚಗಿಡುವ ಬಾಯ್ಲರ್ ಒಲೆಗೆ ಹಾಕುತ್ತಿದ್ದ. ಅದಕ್ಕೆ 'ಕಮ್ಚಾತ್ಕಾ' ಅಂತ ಅಡ್ಡಹೆಸರು, ಈಗ ಅದು ಮ್ಯೂಸಿಯಂ ಮತ್ತು ಕ್ಲಬ್. 1987ರ 'ಅಸ್ಸಾ' ಸಿನಿಮಾದ ಕೊನೆಯಲ್ಲಿ ಅವನು ಮೈಕ್ ಹಿಡಿದು ಬದಲಾವಣೆ ಬೇಕು ಅಂತ ಹಾಡಿದ್ದನ್ನು ದೇಶವೇ ಕೇಳಿತು. ಆ ದಿನಗಳಲ್ಲೂ ಅವನ ಕೈಯಲ್ಲಿ ಸಲಿಕೆ ಇತ್ತು. ಅಜ್ಜಿಯ ಅಕ್ಕನ ಮನೆ ಆಗ ಆ ಕಡೆಯೇ ಇತ್ತಂತೆ. "ನಮ್ಮಕ್ಕನ ಮನೆ ಆ ಚಳಿಗಾಲದಲ್ಲಿ ಬೆಚ್ಚಗಿದ್ದದ್ದು ಅವನ ಕೈಯಿಂದ ಇರಬಹುದು" ಅಂದರು. ಹೇಳುವಾಗ ತಮ್ಮ ಎರಡೂ ಅಂಗೈ ಉಜ್ಜಿಕೊಂಡರು.

1990ರ ಜೂನ್ 24ರಂದು ಮಾಸ್ಕೋದ ಲುಝ್ನಿಕಿ ಕ್ರೀಡಾಂಗಣ ತುಂಬಿಸಿದ. ಇನ್ನೂ ಎರಡು ತಿಂಗಳೂ ಆಗಿರಲಿಲ್ಲ. ಆಗಸ್ಟ್ 15ರಂದು ಲಾತ್ವಿಯಾದ ತುಕುಮ್ಸ್ ಹತ್ತಿರ ಮೀನು ಹಿಡಿದು ವಾಪಸ್ ಬರುವಾಗ ಅವನ ಮಾಸ್ಕ್ವಿಚ್ ಕಾರು ಎದುರು ಬಂದ ಇಕಾರುಸ್ ಬಸ್ಸಿಗೆ ಹೊಡೆಯಿತು. ಸ್ಟಿಯರಿಂಗ್ ಮುಂದೆ ನಿದ್ದೆ ಹತ್ತಿತ್ತು ಅಂತ ತನಿಖೆ ಮಾಡಿದವರು ಬರೆದರು. ವಯಸ್ಸು 28. ಅಲ್ಲಿ ಹಾಡಿಟ್ಟಿದ್ದ ಟೇಪು ಉಳಿದಿತ್ತು, ಅದಕ್ಕೆ ಗೆಳೆಯರು ವಾದ್ಯ ನುಡಿಸಿ ಕೊನೆಯ ಆಲ್ಬಂ ಮುಗಿಸಿದರು. ಹೊದಿಕೆ ಕಪ್ಪು.

ಸಮಾಧಿಯ ಸುತ್ತ ಕಲ್ಲೇ ಕಾಣದಷ್ಟು ಹೂವು. ನಾನು ಅಂದುಕೊಂಡಿದ್ದು ಅಜ್ಜಿ ವಯಸ್ಸಿನವರು ಇರುತ್ತಾರೆ ಅಂತ. ಅಲ್ಲಿದ್ದವರಲ್ಲಿ ಅರ್ಧದಷ್ಟು ಹದಿನಾರು ಹದಿನೇಳರ ಮಕ್ಕಳು. ಒಬ್ಬ ಗಿಟಾರ್ ನುಡಿಸುತ್ತಿದ್ದ, ತಂತಿ ಒಂದು ಕಡಿದಿತ್ತು, ಅವನು ನಿಲ್ಲಿಸಲಿಲ್ಲ. ಕಪ್ಪು ಜಾಕೆಟ್ಟಿನ ಹುಡುಗಿಯೊಬ್ಬಳು ಹಾಡುತ್ತಾ ಹಾಡುತ್ತಾ ಮೂಗು ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಹೂವಿಟ್ಟು, ನನ್ನ ಕಡೆ ಕೈ ಚಾಚಿ, "ಆ ಸಿಹಿ ಕೊಡು" ಅಂದರು. ಇಲ್ಲಿನವರು ಸಮಾಧಿಗೆ ಮಿಠಾಯಿ ಇಡುತ್ತಾರೆ. ಒಂದು ರವೆ ಉಂಡೆ ತೆಗೆದು, ಅಂಗೈಯಲ್ಲಿ ಒಂದು ಗಳಿಗೆ ಇಟ್ಟುಕೊಂಡು, ಉರಿಯುತ್ತಿದ್ದ ಮೇಣದಬತ್ತಿ ಪಕ್ಕ ಮೆಲ್ಲಗೆ ಇಟ್ಟರು. ಒಣದ್ರಾಕ್ಷಿ ಇದ್ದ ಕಡೆ ಮೇಲಕ್ಕೆ ಬರುವ ಹಾಗೆ ತಿರುಗಿಸಿಟ್ಟರು. ಉಳಿದವನ್ನು ಮಗ ಆ ಹುಡುಗರಿಗೆ ಹಂಚಿದ. ಇದೇನು, ಎಲ್ಲಿಯದು ಅಂತ ಒಬ್ಬರೂ ಕೇಳಲಿಲ್ಲ, ಪ್ರಸಾದ ತೆಗೆದುಕೊಂಡಂತೆ ತೆಗೆದುಕೊಂಡರು.

ಹಿಂದಿರುಗುವಾಗ ಮಗ ಕೇಳಿದ. "ಅಮ್ಮಾ, ಆ ಅಕ್ಕ ಹುಟ್ಟೋಕೆ ಮುಂಚೇನೇ ವಿತ್ಯಾ ಸತ್ತುಹೋಗಿದ್ದ ಅಲ್ವಾ? ಮತ್ತೆ ಅವಳಿಗೆ ಯಾರು ಹೇಳಿಕೊಟ್ಟರು?"

"ಅವರ ಅಮ್ಮನೋ ಅಪ್ಪನೋ ಹೇಳಿಕೊಟ್ಟಿರ್ತಾರೆ" ಅಂದೆ.

"ಮತ್ತೆ ನೀನು ನನಗೆ ಯಾರ ಬಗ್ಗೆ ಹೇಳಿಕೊಟ್ಟಿದ್ದೀಯಾ?"

ನನ್ನಲ್ಲಿ ಉತ್ತರ ಇರಲಿಲ್ಲ.

ನನ್ನಪ್ಪ ದಾವಣಗೆರೆಯಲ್ಲಿ ಮೂವತ್ತು ವರ್ಷ ಆಟೋ ಓಡಿಸಿದವರು. ಆಟೋ ಹಿಂದೆ ಶಂಕ್ರಣ್ಣನ ಚಿತ್ರ. ಶಂಕರ್‌ನಾಗ್ ಅಂತ ಪೂರ್ತಿ ಹೆಸರು ಅಪ್ಪನ ಬಾಯಲ್ಲಿ ನಾನು ಕೇಳಿಯೇ ಇಲ್ಲ. 1980ರಲ್ಲಿ 'ಆಟೋ ರಾಜ' ಬಂದ ಮೇಲೆ ರಾಜ್ಯದ ಆಟೋದವರಿಗೆಲ್ಲ ಅವರು ಮನೆಯಣ್ಣ. 1990ರ ಸೆಪ್ಟೆಂಬರ್ 30, ಭಾನುವಾರ, ನಾನು ನಾಲ್ಕನೇ ಕ್ಲಾಸು. ನಮ್ಮೂರ ಪಕ್ಕದ ಆನಗೋಡಿನಲ್ಲಿ ಶಂಕ್ರಣ್ಣನ ಕಾರು ಆಕ್ಸಿಡೆಂಟ್ ಆಯಿತು ಅಂತ ಬೆಳಗ್ಗೆಯೇ ಸುದ್ದಿ. ಅಪ್ಪ ಚಹಾ ಅರ್ಧಕ್ಕೇ ಬಿಟ್ಟು ಆಟೋ ತೆಗೆದುಕೊಂಡು ಹೋದರು. ಮಧ್ಯಾಹ್ನ ಬಂದವರು ಯಾರ ಜೊತೆಗೂ ಮಾತಾಡಲಿಲ್ಲ. ಒದ್ದೆ ಬಟ್ಟೆ ತಗೊಂಡು ಆಟೋ ಹಿಂದೆ ಕುಕ್ಕರಗಾಲಲ್ಲಿ ಕೂತು ಆ ಚಿತ್ರ ಒರೆಸಿದರು. ಧೂಳು ಹೋದ ಮೇಲೂ ಒರೆಸುತ್ತಲೇ ಇದ್ದರು. ಅಮ್ಮ ಊಟಕ್ಕೆ ಕರೆಯಲು ಹೋದವಳು ಕರೆಯದೆ ಒಳಗೆ ಬಂದಳು. ಶಂಕ್ರಣ್ಣನಿಗೆ ಆಗ 35.

ಎರಡು ಸಾವಿನ ನಡುವೆ 46 ದಿನ. ಟ್ರಾಂನಲ್ಲಿ ಕೂತು ಬೆರಳು ಮಡಿಚಿ ಎಣಿಸಿದೆ.

ಊರಲ್ಲಿ ಯಾರೂ ಮರೆತಿಲ್ಲ. 90ರ ನಂತರ ಹುಟ್ಟಿದ ಹುಡುಗರ ಆಟೋಗಳ ಮೇಲೂ ಶಂಕ್ರಣ್ಣ ಇದ್ದಾರೆ. ಬೆಂಗಳೂರಿನಲ್ಲಿ ಅರುಂಧತಿ ನಾಗ್ ಅವರು ಕಟ್ಟಿ ನಿಲ್ಲಿಸಿದ ರಂಗಶಂಕರದಲ್ಲಿ 2004ರಿಂದ ನಾಟಕ ನಡೆಯುತ್ತಲೇ ಇದೆ. ಅಪ್ಪ ಆಟೋ ಓಡಿಸಿ ದುಡಿದ ದುಡ್ಡಲ್ಲಿ ಓದಿ, ವಿಮಾನ ಹತ್ತಿ ಬಂದ ನಾನು ಮಾತ್ರ ಮಗನಿಗೆ ಹೇಳಲಿಲ್ಲ. ಇಂಗ್ಲಿಷ್ ಕಲಿಸಿದೆ, ಗಣಿತಕ್ಕೆ ಬೇರೆ ಟ್ಯೂಷನ್ ಹಾಕಿದೆ. ನಮ್ಮ ಹಾಲ್‌ನಲ್ಲಿ ಅಪ್ಪ ಆಟೋಗೆ ಒರಗಿ ನಿಂತ ಫೋಟೋ ಇದೆ. ಹಿಂದಿರುವ ಮುಖ ಯಾರದು ಅಂತ ಹುಡುಗ ಆರು ವರ್ಷದವನಿದ್ದಾಗ ಒಮ್ಮೆ ಕೇಳಿದ್ದ. "ಒಬ್ಬ ಹೀರೋ" ಅಂತ ಹೇಳಿ ಅಡುಗೆಮನೆಗೆ ಹೋಗಿದ್ದೆ. ಎದುರುಮನೆ ಅಜ್ಜಿ ಪಕ್ಕದ ಮನೆ ಹುಡುಗನನ್ನು ಕೂರಿಸಿಕೊಂಡು ಚಹಾ ಕೊಟ್ಟು ಹೇಳಿದ್ದಾರೆ, ನನಗೆ ಹೊತ್ತಿರಲಿಲ್ಲ.

ಮನೆಗೆ ಬಂದವಳೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಆಟೋ ಮಾರಿ ಆರು ವರ್ಷವಾದರೂ ಸಂಜೆ ಸ್ಟ್ಯಾಂಡಿಗೆ ಹೋಗಿ ಕೂರುವುದು ಬಿಟ್ಟಿಲ್ಲ. ಮಗ ಬೆಳಗ್ಗಿನಿಂದ ಆದದ್ದೆಲ್ಲ ಒಂದೇ ಉಸಿರಿಗೆ ತಾತನಿಗೆ ಒಪ್ಪಿಸಿದ. ಬಸ್ಸಿನ ವಿಷಯ ಬಂದಾಗ ಅಪ್ಪ ತಡೆದರು.

"ಗಾಡಿ ಓಡಿಸ್ತಿದ್ದಿದ್ದು ಅವನೇನಾ?"

"ಹೌದು ತಾತ. ನಿದ್ದೆ ಬಂತಂತೆ."

"ಒಬ್ಬನೇ ಇದ್ನಾ? ಪಕ್ಕದಾಗೆ ಮಾತಾಡೋಕೆ ಯಾರೂ ಇರಲಿಲ್ವಾ?"

"ಯಾರೂ ಇರಲಿಲ್ಲ."

ಅಪ್ಪ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿಕೊಂಡರು. ಆಮೇಲೆ, "ಅವನದೊಂದು ಹಾಡು ಹೇಳು ನೋಡಾನ" ಅಂದರು. ಮಗ ನಾಚಿಕೊಂಡ, ನನ್ನ ಮುಖ ನೋಡಿದ, ಹಾಡಲು ಶುರು ಮಾಡಿದ. ಅಪ್ಪ ಫೋನನ್ನು ಕಿವಿಗೆ ಹಿಡಿದುಕೊಂಡರು, ಪರದೆ ಮೇಲೆ ಬರೀ ಅವರ ಬಿಳಿ ಕೂದಲು ಕಾಣುತ್ತಿತ್ತು. ಹಿಂದೆ ಆಟೋ ಸ್ಟಾರ್ಟ್ ಆದ ಸದ್ದು, ನಿಂತ ಸದ್ದು. ಸ್ಟ್ಯಾಂಡಿನ ಹುಡುಗ ಯಾರೋ ಕೇಳಿದ್ದು ಕಿವಿಗೆ ಬಿತ್ತು: "ಯಾರ್ದು ಯಜಮಾನ್ರೇ ಹಾಡು?"

"ನನ್ ಮೊಮ್ಮಗ ಹಾಡ್ತಾವ್ನೆ, ಸುಮ್ನಿರು" ಅಂದರು ಅಪ್ಪ. "ಶಂಕ್ರಣ್ಣ ಹೋದ ವರ್ಷಾನೇ ಆ ಊರಾಗೂ ಒಬ್ಬ ಹೋದ್ನಂತೆ. ಅವನ ಹಾಡು."