ಗಿರ್ಮಿಟ್‌ನ ಅರ್ಕಾವೊತ್ತು ಕೆಟ್ಟರೆ ಇಮ್ಯಾಕ್ಸ್‌ನವರಿಗೆ ಏನಂತ ಬರೀಬೇಕು?

ಇಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಮಾಡುವವರಿಗೆ ‘ಇಮ್ಯಾಕ್ಸ್‌ನಾಗ ಕನ್ನಡ ಸರಿ ಕಾಣವಲ್ದು’ ಅಂತ ಒಂದು ಸಾಲು, ಜೊತೆಗೊಂದು ಸ್ಕ್ರೀನ್‌ಶಾಟ್. ಇಷ್ಟರಿಂದ ಯಾವ ಬಗ್, ಅಂದರೆ ಸಾಫ್ಟ್‌ವೇರ್ ದೋಷವೂ, ರಿಪೇರಿ ಆಗೂದಿಲ್ರಿ. ಅದನ್ನು ಓದುವ ಡೆವಲಪರ್‌ಗೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಚಿತ್ರದಲ್ಲಿ ಯಾವುದು ತಪ್ಪು ಅಂತಲೇ ಅವರಿಗೆ ತಿಳಿಯದು. ಕನ್ನಡ ಓದಲು ಬಾರದವರೂ ತಮ್ಮ ಕಂಪ್ಯೂಟರಿನಲ್ಲಿ ಅದೇ ತಪ್ಪನ್ನು ಎಬ್ಬಿಸಿ ನೋಡುವಂತಿರಬೇಕು ನಿಮ್ಮ ವರದಿ.

ಹೊಸ ಫೈಲಿನಲ್ಲಿ ‘ದುರ್ಗದಬೈಲ್, ಗಿರ್ಮಿಟ್, ರ‍್ಯಾಂಕ್’ ಅಂತ ಟೈಪ್ ಮಾಡಿ, ಯುಟಿಎಫ್-8ರಲ್ಲಿ ಸೇವ್ ಮಾಡಿ. ತಕರಾರು ಹೆಚ್ಚಾಗಿ ಹುಟ್ಟುವುದು ಇಂಥ ರಕಾರಗಳಲ್ಲೇ. ‘ರ್ಮ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ಕೊನೆಗೆ ಕಂಡರೂ ಫೈಲಿನಲ್ಲಿ ರ ಮೊದಲು, ಆಮೇಲೆ ಹಲಂತ, ಆಮೇಲೆ ಮ. ಯೂನಿಕೋಡ್ ಸಂಖ್ಯೆಗಳಲ್ಲಿ ಹೇಳಿದರೆ 3248, 3277, 3246. ‘ರ‍್ಯಾ’ದಲ್ಲಿ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ 8205, ಅಂದರೆ ಜೀರೋ ವಿಡ್ತ್ ಜಾಯ್ನರ್, ಕೂತಿರಬೇಕು. ಅದು ತಪ್ಪಿದರೆ ‘ರ್ಯಾ’ ಆಗುತ್ತದೆ. ಅದು ಟೈಪಿಂಗ್ ತಪ್ಪು, ಎಡಿಟರಿನದಲ್ಲ. ಕರ್ಸರನ್ನು ಅಕ್ಷರದ ಮೇಲಿಟ್ಟು ಕಂಟ್ರೋಲ್-ಯು, ಕಂಟ್ರೋಲ್-ಎಕ್ಸ್, ಆಮೇಲೆ ಈಕ್ವಲ್ ಚಿಹ್ನೆ ಒತ್ತಿದರೆ ಈ ಸಂಖ್ಯೆ, ಬಳಕೆಯಾದ ಫಾಂಟು, ಗ್ಲಿಫ್‌ಗಳು (ಫಾಂಟಿನೊಳಗಿನ ಅಕ್ಷರಚಿತ್ರಗಳು) ಎಲ್ಲ ಬರುತ್ತವೆ. ಪೂರ್ತಿ ಕಾಪಿ ಮಾಡಿಕೊಳ್ಳಿ. ಸ್ಕ್ರೀನ್‌ಶಾಟ್‌ಗಿಂತ ಇದಕ್ಕೇ ಬೆಲೆ ಹೆಚ್ಚು.

ಇನ್ನು ತಪ್ಪು ಯಾರದು ಅನ್ನುವ ಪ್ರಶ್ನೆ. ಇಮ್ಯಾಕ್ಸ್ 27ರಿಂದ ಅಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಇದೆ. ಲಿಬ್ರೆಆಫೀಸ್ ಬಳಸುವುದೂ ಅದನ್ನೇ. ಅದೇ ಫೈಲನ್ನು ಅದೇ ಫಾಂಟಿನಲ್ಲಿ ಎರಡರಲ್ಲೂ ತೆರೆಯಿರಿ. ಎರಡೂ ಕಡೆ ಕೆಟ್ಟಿದ್ದು, ನೋಟೋ ಫಾಂಟಿನ ಬದಲು ಗುಬ್ಬಿ ಅಥವಾ ಲೋಹಿತ್ ಫಾಂಟ್ ಹಾಕಿದಾಗ ಸರಿಯಾದರೆ ಫಾಂಟ್ ಮಾಡಿದವರಿಗೆ ಬರೆಯಿರಿ. ಇಮ್ಯಾಕ್ಸ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಮುಂದಕ್ಕೆ ಹೋಗಿ. ಹಳೆಯ ‘ನುಡಿ’ ತಂತ್ರಾಂಶದ ಫೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಸಂತೆ ಕಂಡರೆ ದೂರೇ ಬ್ಯಾಡ್ರಿ, ಅದು ಯೂನಿಕೋಡೇ ಅಲ್ಲ. ಬ್ಯಾಕ್‌ಸ್ಪೇಸ್‌ಗೆ ಅಕ್ಷರದ ಕೊನೆಯ ಒಂದು ಸಂಕೇತವಷ್ಟೇ ಅಳಿಸಿ, ಡಿಲೀಟ್ ಕೀಗೆ ಇಡೀ ಅಕ್ಷರ ಹೋಗುವುದೂ ಬಗ್ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ.

ಟರ್ಮಿನಲ್‌ನಲ್ಲಿ ‘ಇಮ್ಯಾಕ್ಸ್ -ಕ್ಯೂ’ ಕೊಟ್ಟು ಶುರುಮಾಡಿ, ಅದೇ ಫೈಲನ್ನು ತೆರೆಯಿರಿ. ಕ್ಯೂ ದೊಡ್ಡಕ್ಷರವೇ ಆಗಬೇಕು: ಚಿಕ್ಕದು ನಿಮ್ಮ ಇನಿಟ್ ಫೈಲನ್ನು (ಶುರುವಾಗುವಾಗ ಓದುವ ನಿಮ್ಮ ಸೆಟ್ಟಿಂಗ್‌ಗಳ ಫೈಲು) ಓದದೆ ಬಿಡುತ್ತದೆ, ದೊಡ್ಡದು ಅದರ ಜೊತೆಗೆ ಸಿಸ್ಟಮ್ ಮಟ್ಟದ ಸೆಟ್ಟಿಂಗ್‌ಗಳನ್ನೂ ಬಿಡುತ್ತದೆ. ಇಲ್ಲಿ ತಪ್ಪು ಮಾಯವಾದರೆ ಕಾರಣ ನಿಮ್ಮದೇ ಕಾನ್ಫಿಗ್‌ನಲ್ಲೋ ಯಾವುದೋ ಪ್ಯಾಕೇಜ್‌ನಲ್ಲೋ ಇದೆ. ಅರ್ಧಅರ್ಧ ಭಾಗ ಕಮೆಂಟ್ ಮಾಡುತ್ತ (ಇಮ್ಯಾಕ್ಸ್ ಓದದಂತೆ ಮಾಡುತ್ತ) ಹೋದರೆ 200 ಸಾಲಿನ ಇನಿಟ್ ಫೈಲಿನಲ್ಲೂ ಎಂಟು ಸಲದೊಳಗೆ ಸಿಗುತ್ತದೆ.

ತಪ್ಪು ಉಳಿದೇ ಇದ್ದರೆ ಆಲ್ಟ್-ಎಕ್ಸ್ ಒತ್ತಿ ‘ರಿಪೋರ್ಟ್-ಇಮ್ಯಾಕ್ಸ್-ಬಗ್’ ಕೊಡಿ. ಆವೃತ್ತಿ, ಲೋಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್), ಬಿಲ್ಡ್ ವಿವರ ತಾನೇ ತುಂಬಿಕೊಳ್ಳುತ್ತದೆ; ಅಳಿಸಬೇಡಿ. ಮೇಲೆ ನೀವು ಇಂಗ್ಲಿಷಿನಲ್ಲಿ ಬರೆಯಬೇಕಾದ್ದು: ಒತ್ತಿದ ಕೀಗಳು ಕ್ರಮವಾಗಿ, ಏನು ಕಂಡಿತು, ಏನು ಕಾಣಬೇಕಿತ್ತು. ‘ಒತ್ತು ತಪ್ಪಿದೆ’ ಅನ್ನಬೇಡಿ, ‘ಮ ಆಕಾರದ ಬಲಕ್ಕೆ ಬರಬೇಕಾದ ಕೊಕ್ಕೆ ಬಂದಿಲ್ಲ, ಬದಲಿಗೆ ಎಡಕ್ಕೆ ಪೂರ್ತಿ ರ ನಿಂತಿದೆ’ ಅನ್ನಿ. ಸರಿ ಕಾಣುವ ಚಿತ್ರವನ್ನೂ ತಪ್ಪು ಕಾಣುವ ಚಿತ್ರವನ್ನೂ ಜೋಡಿಯಾಗಿ ಇಡಿ, ಮೂರು ಪದದ ಆ ಫೈಲನ್ನು ಅಟ್ಯಾಚ್ ಮಾಡಿ. ಈ ಮೇಲ್ ಎಲ್ಲರೂ ಓದುವಂತೆ ಉಳಿಯುತ್ತದೆ, ಹಾಗಾಗಿ ಆಫೀಸಿನ ಫೈಲು ಕಳಿಸುವುದು ಬೇಡ.

ಇಮ್ಯಾಕ್ಸ್‌ನಲ್ಲಿ ಮೇಲ್ ಸೆಟಪ್ ಇಲ್ಲದಿದ್ದರೆ ಇಡೀ ಬಫರನ್ನು, ಅಂದರೆ ತೆರೆದ ವರದಿಯ ಪಠ್ಯವನ್ನೆಲ್ಲ, ನಿಮ್ಮ ಮಾಮೂಲಿ ಮೇಲ್‌ಗೆ ಪೇಸ್ಟ್ ಮಾಡಿ ಅದರಲ್ಲಿರುವ ವಿಳಾಸಕ್ಕೆ ಕಳಿಸಿ. ಬಗ್ ಸಂಖ್ಯೆ ಇರುವ ಉತ್ತರ ಬಂದಮೇಲೆ ಮುಂದಿನದೆಲ್ಲ ಆ ಸಂಖ್ಯೆಯ ವಿಳಾಸಕ್ಕೇ ಹೋಗಲಿ. ಮೊದಲಿನ ವಿಳಾಸಕ್ಕೆ ಹೊಸದಾಗಿ ಬರೆದರೆ ಅದು ಇನ್ನೊಂದು ಬಗ್ ಅಂತ ದಾಖಲಾಗುತ್ತದೆ.