ಮಜಾ ಇಲ್ಲ ಅಂತೀರಿ, ಮತ್ತೆ ಯಾಕೆ ಕುಡೀತೀರಿ?

ಚಟ ಬಿಡಿಸುವ ವಾರ್ಡಿನಲ್ಲಿ ಆಪ್ತಸಮಾಲೋಚಕನಾಗಿ ಸೇರಿ ಹದಿನಾಲ್ಕು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ ಪ್ರಶ್ನೆ ಒಂದೇ. ಸಾಮಾನ್ಯವಾಗಿ ಹೆಂಡತಿ ಕೇಳುತ್ತಾರೆ, ಕೆಲವೊಮ್ಮೆ ತಾಯಿ. ಆತ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿರುತ್ತಾನೆ.

“ಸಾರ್, ಈಗ ಕುಡಿದ್ರೆ ಮೊದಲಿನ ಮಜಾ ಏನೂ ಇಲ್ಲ ಅಂತ ಇವರೇ ಹೇಳ್ತಾರೆ. ಮಜಾನೇ ಇಲ್ಲ ಅಂದ್ಮೇಲೆ ಯಾಕೆ ಕುಡೀತಾರೆ? ಸುಮ್ನೆ ಸುಳ್ಳು ಹೇಳ್ತಿದಾರೆ, ಅಲ್ವಾ?”

ಇಲ್ಲಮ್ಮ. ಆ ಒಂದು ವಿಷಯದಲ್ಲಿ ಅವರು ಹೇಳುವುದು ಬಹುಮಟ್ಟಿಗೆ ನಿಜ.

ನಮ್ಮ ತಲೆಯೊಳಗೆ ‘ಚೆನ್ನಾಗಿದೆ’ ಅನ್ನುವುದಕ್ಕೂ ‘ಬೇಕು’ ಅನ್ನುವುದಕ್ಕೂ ಬೇರೆ ಬೇರೆ ಏರ್ಪಾಡು ಇದೆ. ದಿನನಿತ್ಯ ಇವೆರಡೂ ಜೋಡೆತ್ತಿನ ಹಾಗೆ ಒಟ್ಟಿಗೇ ನಡೆಯುತ್ತವೆ. ಹಾಗಾಗಿ ಎರಡು ಅಂತ ನಮಗೆ ಗೊತ್ತೇ ಆಗುವುದಿಲ್ಲ. ಚಟ ಹತ್ತಿದವರಲ್ಲಿ ಒಂದು ಎತ್ತು ಸುಸ್ತಾಗಿ ಮಲಗಿರುತ್ತದೆ, ಇನ್ನೊಂದು ಹಗ್ಗ ಹರಿದುಕೊಂಡು ಓಡುತ್ತಿರುತ್ತದೆ.

ಓಡುವ ಎತ್ತಿನ ಹೆಸರು ಡೋಪಮೈನ್. ರೀಲ್ಸ್ ನೋಡುವವರಿಗೆಲ್ಲ ಈ ಹೆಸರು ಗೊತ್ತು, ‘ಸಂತೋಷದ ಹಾರ್ಮೋನ್’ ಅಂತ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಡೋಪಮೈನ್ ಅಂದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕ. ಅದು ತರುವ ಸುದ್ದಿ ‘ಆಹಾ’ ಅಂತಲ್ಲ. ‘ಏಳು, ಹೋಗು, ತಗೋ’ ಅಂತ.

ಇದರ ಮೊದಲ ಸುಳಿವು ಸಿಕ್ಕಿದ್ದು ಮೊಲಗಳಲ್ಲಿ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಮೆದುಳಿನ ಡೋಪಮೈನ್ ಬರಿದು ಮಾಡುವ ರೆಸರ್ಪಿನ್ ಎಂಬ ಔಷಧಿ ಕೊಟ್ಟರು. ಇದನ್ನು ತೆಗೆಯುವುದು ಸರ್ಪಗಂಧದ ಬೇರಿನಿಂದ, ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದಲ್ಲ, ಅದೇ ಗಿಡ. ಮೊಲಗಳು ಕಲ್ಲಿನ ಹಾಗೆ ಕೂತುಬಿಟ್ಟವು. ಆಮೇಲೆ ದೇಹದೊಳಗೆ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ನನ್ನ ಕಣ್ಣು ತೆರೆಸಿದ್ದು ಮಾತ್ರ ಇಲಿಗಳ ಕಥೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಟೆರ್ರಿ ರಾಬಿನ್‌ಸನ್ 1980ರ ದಶಕದ ಕೊನೆಯಲ್ಲಿ ಮಾಡಿದ ಪ್ರಯೋಗ. ಇಲಿಗಳ ಮೆದುಳಿನ ಡೋಪಮೈನನ್ನು ಹೆಚ್ಚುಕಮ್ಮಿ ಪೂರ್ತಿ ಇಲ್ಲವಾಗಿಸಿದರು. ಇಲಿಗಳು ಊಟದ ಪಕ್ಕದಲ್ಲೇ ಉಪವಾಸ ಬಿದ್ದಿರುತ್ತಿದ್ದವು. ನಳಿಗೆಯಲ್ಲಿ ತಿನ್ನಿಸದಿದ್ದರೆ ಸತ್ತೇ ಹೋಗುತ್ತಿದ್ದವು. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ? ಮಾಮೂಲಿನಂತೆ ತುಟಿ ನೆಕ್ಕಿಕೊಳ್ಳುತ್ತಿದ್ದವು, ಎಳೆಮಕ್ಕಳು ಸಿಹಿ ಚಪ್ಪರಿಸುವ ಹಾಗೆ. ರುಚಿ ಗೊತ್ತಾಗುತ್ತಿತ್ತು, ಇಷ್ಟವೂ ಆಗುತ್ತಿತ್ತು. ಎರಡು ಹೆಜ್ಜೆ ಇಟ್ಟು ಹೋಗಿ ತಿನ್ನಬೇಕು ಅನ್ನುವುದು ಮಾತ್ರ ಸತ್ತುಹೋಗಿತ್ತು. ‘ಚೆನ್ನಾಗಿದೆ’ ಅನ್ನುವ ಸವಿಯನ್ನು ಮುಖ್ಯವಾಗಿ ನೋಡಿಕೊಳ್ಳುವುದು ಬೇರೆ ರಾಸಾಯನಿಕಗಳು, ಎಂಡಾರ್ಫಿನ್ ತರಹದವು.

ಇದನ್ನೇ ತಿರುವುಮುರುವು ಮಾಡಿ ನೋಡಿ. ಪಾರ್ಕಿನ್ಸನ್ ಕಾಯಿಲೆಯವರಿಗೆ ಡೋಪಮೈನ್ ಹಾಗೆ ಕೆಲಸ ಮಾಡುವ ಕೆಲವು ಮಾತ್ರೆ ಕೊಡುತ್ತಾರೆ. ಅವರಲ್ಲಿ ಕೆಲವರಿಗೆ, ಇಸ್ಪೀಟು ಎಲೆ ಮುಟ್ಟದವರಿಗೂ, ಇದ್ದಕ್ಕಿದ್ದ ಹಾಗೆ ಜೂಜಿನ ಹುಚ್ಚು ಹಿಡಿಯುತ್ತದೆ. ಮಾತ್ರೆ ಇಳಿಸಿದರೆ ಹೆಚ್ಚಿನವರಲ್ಲಿ ಹುಚ್ಚೂ ಇಳಿಯುತ್ತದೆ. (ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ನೀವೇ ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.)

ಇನ್ನು ‘ಬೇಕು’ ಯಾವಾಗ ಏಳುತ್ತದೆ ಅನ್ನುವುದು. ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಬಾಯಿಗೆ ಹಣ್ಣಿನ ರಸ ಬಿಟ್ಟು, ಡೋಪಮೈನ್ ನರಕೋಶಗಳ ಸದ್ದು ಕೇಳಿಸಿಕೊಂಡರು. ಮೊದಮೊದಲು ರಸ ಬಿದ್ದಾಗ ಅವು ಪಟಪಟನೆ ಮಿಡಿದವು. ರಸಕ್ಕೆ ಮೊದಲು ಒಂದು ದೀಪ ಹತ್ತುತ್ತದೆ ಅಂತ ಮಂಗ ಕಲಿತ ಮೇಲೆ, ದೀಪಕ್ಕೇ ಮಿಡಿದವು, ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬರದಿದ್ದರೆ ಇದ್ದ ಮಿಡಿತವೂ ಕುಸಿಯಿತು.

ನನ್ನ ದೀಪ ಯಾವುದು ಹೇಳಲಾ? ಕಾಫಿ. ನಾನೂ ಸಿಗರೇಟು ಸೇದುತ್ತಿದ್ದೆ. ಚಟ ಬಿಡಿಸುವವನೇ, ನಗಬೇಡಿ. ಬಿಟ್ಟು ಒಂಬತ್ತು ವರ್ಷವಾಯಿತು. ಈಗಲೂ ಬಸ್ಸು ಯಾವುದೋ ಹೋಟೆಲಿನ ಮುಂದೆ ಹತ್ತು ನಿಮಿಷ ನಿಂತು, ಸ್ಟೀಲ್ ಲೋಟದ ಬಿಸಿ ಕಾಫಿ ಬಲಗೈಗೆ ಬಂದರೆ, ಎಡಗೈ ತಾನಾಗಿ ಅಂಗಿ ಜೇಬು ತಡಕುತ್ತದೆ. ಒಂದು ದಮ್ಮು ಎಳೆದರೆ ಕೆಮ್ಮು ಬರುತ್ತದೆ ಅಂತ ನನಗೆ ಗೊತ್ತು. ಕೈಗೆ ಗೊತ್ತಿಲ್ಲ.

ಕುಡಿಯುವವರಿಗೆ ಈ ದೀಪ ಸಂಜೆ ಆರು ಗಂಟೆ ಇರಬಹುದು, ಸಂಬಳದ ದಿನ ಇರಬಹುದು, ಬಾರಿನ ಬೋರ್ಡು ಇರಬಹುದು, ಒಬ್ಬ ಗೆಳೆಯನ ಫೋನ್ ಇರಬಹುದು. ಜಾಗ ಬದಲಾದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರನ್ನು ನೋಡಬೇಕು. ಲೀ ರಾಬಿನ್ಸ್ ಎಂಬ ಸಂಶೋಧಕಿ 1971ರಲ್ಲಿ ಊರಿಗೆ ಮರಳಿದವರನ್ನು ವಿಚಾರಿಸಿದರು. ಐವರಲ್ಲಿ ಒಬ್ಬ ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಹಾಗೆ ಬಿದ್ದವರಲ್ಲಿ ಊರಿನಲ್ಲಿ ಮೊದಲ ವರ್ಷದೊಳಗೆ ಮತ್ತೆ ಚಟ ಹತ್ತಿಸಿಕೊಂಡವರು ಶೇ. 5ರಷ್ಟು ಮಾತ್ರ. ಕಾರಣ ಜಾಗವೊಂದೇ ಅಲ್ಲ ನಿಜ, ಊರಿನಲ್ಲಿ ಹೆರಾಯಿನ್ ಅಷ್ಟು ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಆದರೂ ನಾನು ಈ ಕಥೆಯನ್ನು ವಾರ್ಡಿನಲ್ಲಿ ಮತ್ತೆ ಮತ್ತೆ ಹೇಳುತ್ತೇನೆ.

ಇಷ್ಟು ಕೇಳಿದ ಮೇಲೆ ಮನೆಯವರ ಮುಂದಿನ ಮಾತು, “ಹಾಗಾದ್ರೆ ನಾಳೆಯಿಂದಲೇ ನಿಲ್ಲಿಸಿಬಿಡ್ತೀವಿ ಸಾರ್. ದೇವರ ಮುಂದೆ ಆಣೆ ಮಾಡಿಸಿ ಕೋಣೇಲಿ ಕೂಡಿಹಾಕ್ತೀವಿ.” ದಯವಿಟ್ಟು ಬೇಡ. ಹೆಂಡ ಡೋಪಮೈನ್ ಒಂದನ್ನೇ ಮುಟ್ಟುವುದಿಲ್ಲ. ಮೆದುಳಿನಲ್ಲಿ ಗಾಬಾ ಅನ್ನುವುದು ಬ್ರೇಕು, ಗ್ಲುಟಮೇಟ್ ಅನ್ನುವುದು ಆಕ್ಸಿಲರೇಟರು. ಹೆಂಡ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗಾದರೆ ಮೆದುಳು ಸರಿದೂಗಿಸಲು ಬ್ರೇಕು ಸಡಿಲ ಮಾಡಿ ಆಕ್ಸಿಲರೇಟರ್ ಏರಿಸುತ್ತದೆ. ಅಂಥವರಿಗೆ ಒಮ್ಮೆಲೇ ಹೆಂಡ ತಪ್ಪಿಸಿದರೆ ಗಾಡಿ ಹಿಡಿತಕ್ಕೇ ಸಿಗುವುದಿಲ್ಲ. ಕೈ ನಡುಕ, ಫಿಟ್ಸ್, ಎರಡು ಮೂರು ದಿನಕ್ಕೆ ಗೋಡೆಯ ಮೇಲೆ ಇಲ್ಲದ ಹುಳ ಕಾಣುವುದು. ಜೀವವೂ ಹೋಗಬಹುದು. ದಿನವೂ ಜಾಸ್ತಿ ಕುಡಿಯುವವರು ಡಾಕ್ಟರ ಕಣ್ಣೆದುರೇ ನಿಲ್ಲಿಸಬೇಕು. ಎಲ್ಲಿಗೆ ಹೋಗುವುದು ಅಂತ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಔಷಧಿಗಳೂ ಇವೆ. ನಾಲ್ಟ್ರೆಕ್ಸೋನ್ ಎಂಬ ಮಾತ್ರೆ ಎಂಡಾರ್ಫಿನ್ ಕೂರುವ ಜಾಗವನ್ನೇ ಮುಚ್ಚುತ್ತದೆ, ಕುಡಿದರೂ ಕಿಕ್ ಕಮ್ಮಿ. ಎಲ್ಲರಿಗೂ ಹೊಂದುವುದಿಲ್ಲ, ಡಾಕ್ಟರ್ ನೋಡಿ ಕೊಡುತ್ತಾರೆ.

ನನ್ನ ಪಾಲಿನ ಕೆಲಸ ದೀಪಗಳನ್ನು ಹುಡುಕುವುದು. ಹಾಳೆ ತೆಗೆದುಕೊಂಡು ಕೆಲಸದಿಂದ ಮನೆಯವರೆಗಿನ ದಾರಿ ಬರೆಸುತ್ತೇನೆ. ಎಲ್ಲಿ ಕಾಲು ನಿಧಾನ ಆಗುತ್ತದೆ, ಯಾರು ಕೈ ಬೀಸುತ್ತಾರೆ, ಜೇಬಿನಲ್ಲಿ ಎಷ್ಟು ದುಡ್ಡಿರುತ್ತದೆ. ಕಳೆದ ವರ್ಷ ಒಬ್ಬರ ದಾರಿಯಲ್ಲಿ ಮೂರು ಬಾರ್ ಇದ್ದವು. ಕೆರೆ ಏರಿ ಮೇಲಿನ ದಾರಿ ಹಿಡಿಯಿರಿ ಅಂದೆ. ಅದು ಸುತ್ತು ಬಳಸು, ರಸ್ತೆಯೂ ಸರಿಯಿಲ್ಲ. ನಾಲ್ಕು ತಿಂಗಳ ಮೇಲೆ ಅವರ ಹೆಂಡತಿ ಮಾತ್ರೆ ಚೀಟಿ ಹಿಡಿದು ಬಂದರು. ಹೇಗಿದ್ದಾರಮ್ಮ ಅಂತ ಕೇಳಿದೆ.

“ಪೆಟ್ರೋಲ್ ತುಂಬಾ ಖರ್ಚಾಗ್ತಿದೆ ಸಾರ್,” ಅಂದರು.