ಬೇಲಿಯ ಲಂಟಾನ ಲ್ಯಾಬಿಗೆ ಬಂತು

ಸಂಕ್ರಾಂತಿಗೆ ಊರಿಗೆ ಹೋದವಳು ವಾಪಸ್ ಬರುವಾಗ ಬ್ಯಾಗಿನಲ್ಲಿ ಎಳ್ಳು ಬೆಲ್ಲದ ಡಬ್ಬಿಯ ಜೊತೆ ಒಂದು ಕಟ್ಟು ಲಂಟಾನ ಕಡ್ಡಿ ತಂದೆ. ನಮ್ಮೂರು ಗುಂಡ್ಲುಪೇಟೆ ತಾಲ್ಲೂಕು, ಬಂಡೀಪುರದ ಅಂಚು. ಹೊಲದ ಬೇಲಿಯ ತುಂಬ, ಕಾಡಿನ ತುಂಬ ಹಬ್ಬಿರುವ ಮುಳ್ಳುಪೊದೆ ಅದು. ಅಪ್ಪ ಮಚ್ಚಿನಲ್ಲಿ ಕಡಿದು, ಮುಳ್ಳು ಸವರಿ, ಗೇಣುದ್ದದ ತುಂಡು ಮಾಡಿ ಬಾಳೆನಾರಿನಲ್ಲಿ ಕಟ್ಟಿಕೊಟ್ಟರು.

"ಇದ್ನ ತಕ್ಕೊಂಡೋಗಿ ಏನ್ ಮಾಡೀಯವ್ವ?"

"ಸುಡ್ತೀನಿ ಕನಪ್ಪ."

ಅಪ್ಪ ಹದಿನೈದು ವರ್ಷದಿಂದ ಬೇಸಿಗೆಯಲ್ಲಿ ಫೈರ್ ವಾಚರ್. ಮಳೆ ನಿಂತು ಹುಲ್ಲು ಒಣಗುವ ಹೊತ್ತಿಗೆ ಫೈರ್ ಲೈನ್ ಕೆಲಸ ಶುರುವಾಗುತ್ತೆ. ಕಾಡಿನ ನಡುವೆ ಉದ್ದಕ್ಕೆ ಪಟ್ಟೆ ಬಿಡಿಸಿ, ಹುಲ್ಲು ಪೊದೆ ಸವರಿ, ಅದನ್ನು ಕಾವಲಿದ್ದು ಸುಟ್ಟುಬಿಡುತ್ತಾರೆ. ಆಮೇಲೆ ಬೆಂಕಿ ಬಿದ್ದರೂ ಆ ಪಟ್ಟೆ ದಾಟಬಾರದು. ಆದರೆ ಗಾಳಿ ಎದ್ದರೆ ಕಿಡಿ ಹಾರಿ ದಾಟುತ್ತೆ. 2019ರ ಫೆಬ್ರವರಿ 21ರಿಂದ 25ರವರೆಗೆ ಆದದ್ದು ಅದೇ. ಗೋಪಾಲಸ್ವಾಮಿ ಬೆಟ್ಟದ ಕಡೆ, ಕುಂದಕೆರೆ ಕಡೆ ಕಾಡು ಹೊತ್ತಿ ಉರಿಯಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವು. ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದಾಗ ಸುಟ್ಟದ್ದು ಸುಮಾರು 4,400 ಹೆಕ್ಟೇರ್. ನಾನಾಗ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಎರಡು ದಿನ ಅಪ್ಪನ ಫೋನ್ ಸಿಗಲಿಲ್ಲ. ಮೂರನೇ ದಿನ ಮನೆಗೆ ಬಂದವರ ಅಂಗಿಯ ತುಂಬ ಕಿಡಿ ಬಿದ್ದ ತೂತು, ಒಂದು ಹುಬ್ಬು ಸುಟ್ಟುಹೋಗಿತ್ತು. ಆ ಅಂಗಿಯನ್ನು ಅವ್ವ ಇವತ್ತಿಗೂ ಎಸೆದಿಲ್ಲ.

ಅವತ್ತು ಅಪ್ಪ ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗೇ ಇಲ್ಲ. "ತರಗು ಉರುದ್ರೆ ಮೊಣಕಾಲ್ ಗಂಟ ಕನವ್ವ, ಹಸಿ ಸೊಪ್ನಲ್ಲಿ ಬಡುದು ಆರುಸ್ಬೋದು. ಲಂಟಾನಕ್ಕೆ ಹತ್ಕಂಡ್ರೆ ಮರದ್ ನೆತ್ತಿಗೇ ಹೋಯ್ತದೆ. ಹತ್ರಕ್ಕೂ ಹೋಗಕಾಗಲ್ಲ."

ಅಪ್ಪನ ಜೊತೆಗಿದ್ದ ಸೋಲಿಗ ಬುಡಕಟ್ಟಿನ ಹಿರಿಯರು ಇನ್ನೂ ಒಂದು ಮಾತು ಹೇಳುತ್ತಿದ್ದರು: ಹಿಂದೆ ತರಗುಬೆಂಕಿ ಹಾಕುತ್ತಿದ್ದ ಕಾಲದಲ್ಲಿ ಈ ಗಿಡ ಇಷ್ಟು ಇರಲಿಲ್ಲ ಅಂತ. ಬೇಸಿಗೆ ಬಲಿಯುವ ಮೊದಲೇ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ಒಣ ಎಲೆಗೆ ಬೆಂಕಿ ಹಾಕಿ ಬಿಡುವುದು. ಅದು ನೆಲ ನೆಕ್ಕಿಕೊಂಡು ಹೋಗಿ ತಾನೇ ಆರುತ್ತೆ, ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಸೋಲಿಗರು ಬಾಳುವ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಅಲ್ಲಿ ತರಗುಬೆಂಕಿ ನಿಂತಿತು. ಅಂಕಿಲಾ ಹಿರೇಮಠ, ಭರತ್ ಸುಂದರಂ ಎಂಬ ಸಂಶೋಧಕರು 2005ರಲ್ಲಿ ಇದಕ್ಕೆ ಎದುರೆನಿಸುವ ಒಂದು ಊಹೆ ಮುಂದಿಟ್ಟರು: ಲಂಟಾನ ಬೆಂಕಿಗೆ ಮೇವು, ಬೆಂಕಿ ಮತ್ತೆ ಲಂಟಾನಕ್ಕೆ ದಾರಿ. ಆಮೇಲೆ ಅದೇ ಬೆಟ್ಟದಲ್ಲಿ ಸೋಲಿಗರ ತಿಳಿವಳಿಕೆಯನ್ನೂ ಕೇಳಿ ಬರೆದುಕೊಂಡರು. 1997ರಲ್ಲಿ ಅಳೆದಿದ್ದ ಜಾಗಗಳನ್ನು 2008ರಲ್ಲಿ ಮತ್ತೆ ನೋಡಿದಾಗ, ಮೊದಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕಡೆ ಲಂಟಾನ ಹಬ್ಬಿತ್ತು.

ನನ್ನ ಕೆಲಸ ಬೇರೆ. ಬೆಂಗಳೂರಿನಲ್ಲಿ ಸೋಡಿಯಂ ಬ್ಯಾಟರಿಗೆ ಬೇಕಾದ ಇಂಗಾಲ ಮಾಡುತ್ತೇನೆ. ಮೊಬೈಲಿನ ಲಿಥಿಯಂ ಬ್ಯಾಟರಿಯೊಳಗೆ ಗ್ರಾಫೈಟ್ ಇರುತ್ತೆ, ಪೆನ್ಸಿಲ್ ಕಡ್ಡಿಯಲ್ಲಿರುವುದೇ ಅದು. ಹಾಳೆಯ ಮೇಲೆ ಹಾಳೆ ಜೋಡಿಸಿದ ಹಾಗೆ, ಆ ಹಾಳೆಗಳ ನಡುವೆ ಲಿಥಿಯಂ ಹೋಗಿ ಕೂರುತ್ತೆ. ಸೋಡಿಯಂಗೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಅದಕ್ಕೆ ಹಾರ್ಡ್ ಕಾರ್ಬನ್ ಬೇಕು: ಹಾಳೆಗಳು ಮುದುಡಿ, ಅಡ್ಡಾದಿಡ್ಡಿ ಸೇರಿ, ನಡುನಡುವೆ ಸಣ್ಣ ಪೊಟರೆ ಇರುವ ಇಂಗಾಲ. ಡಿಎನ್‌ಎ ಚಿತ್ರದಿಂದ ನಮಗೆಲ್ಲ ಗೊತ್ತಿರುವ ರೋಸಲಿಂಡ್ ಫ್ರಾಂಕ್ಲಿನ್ ಅದಕ್ಕೂ ಮೊದಲು ಕೆಲಸ ಮಾಡಿದ್ದು ಕಲ್ಲಿದ್ದಲು, ಇಂಗಾಲದ ಮೇಲೆ. 3,000 ಡಿಗ್ರಿಗೆ ಕಾಯಿಸಿದರೂ ಗ್ರಾಫೈಟ್ ಆಗದ ಇಂಗಾಲ ಇದೆ ಎಂದು 1951ರಲ್ಲಿ ತೋರಿಸಿಕೊಟ್ಟವರು ಅವರು. 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಡಾನ್, ಗ್ಲೂಕೋಸನ್ನು ಸುಟ್ಟು ಮಾಡಿದ ಅಂಥ ಇಂಗಾಲದಲ್ಲಿ ಗ್ರಾಂಗೆ 300 ಮಿಲಿಆಂಪಿಯರ್-ಗಂಟೆಯಷ್ಟು ಸೋಡಿಯಂ ತುಂಬಿಸಿದರು. ಅಲ್ಲಿಂದ ಈಚೆಗೆ ಜಗತ್ತಿನಲ್ಲಿ ತೆಂಗಿನ ಚಿಪ್ಪಿನಿಂದ ಹಿಡಿದು ಬಾಳೆಸಿಪ್ಪೆವರೆಗೆ ಏನೇನೋ ಸುಟ್ಟು ನೋಡಿದ್ದಾರೆ. ನಾನು ನಮ್ಮ ಬೇಲಿ ಸುಟ್ಟೆ.

ಕಡ್ಡಿ ತೊಳೆದು, ಒಣಗಿಸಿ, ಬಿಳಿ ಪಿಂಗಾಣಿ ದೋಣಿಯಲ್ಲಿಟ್ಟು ಟ್ಯೂಬ್ ಫರ್ನೇಸಿನೊಳಗೆ ತಳ್ಳಿದೆ. ಒಳಗೆ ಉರಿಯಲು ಬಿಡದ ಆರ್ಗಾನ್ ಅನಿಲ ಮಾತ್ರ, ಗಾಳಿಯ ಸುಳಿವೂ ಇರಬಾರದು. ಇದ್ದರೆ ಬೂದಿಯೇ ಉಳಿಯುವುದು. ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 1,200ಕ್ಕೆ ತಂದು ಎರಡು ಗಂಟೆ ನಿಲ್ಲಿಸಿದೆ. ಬೇಗ ಕಾಯಿಸಿದರೆ ಒಳಗಿನ ಹೊಗೆ ಒಮ್ಮೆಲೇ ನುಗ್ಗಿ ಕಡ್ಡಿ ಸೀಳುತ್ತೆ, ಬೇಡದ ರಂಧ್ರ ಹೆಚ್ಚಾಗುತ್ತೆ. ಮರುದಿನ ತೆಗೆದಾಗ ಕೈ ನಡುಗಿತು. ಲಂಟಾನದ ಎಳೆ ಕಡ್ಡಿ ದುಂಡಗಿರುವುದಿಲ್ಲ, ನಾಲ್ಕು ಮೂಲೆ ಇರುತ್ತೆ. ಆ ನಾಲ್ಕು ಮೂಲೆಯೂ ಹಾಗೇ ಇತ್ತು! ಮುಳ್ಳು ಸವರಿದ ಗುರುತೂ ಇತ್ತು. ಗಾತ್ರ ಮಾತ್ರ ಕುಗ್ಗಿ, ಕಪ್ಪಗೆ ಹೊಳೆಯುತ್ತಿತ್ತು. ಇಕ್ಕಳದಿಂದ ತಟ್ಟಿದರೆ ಗಾಜಿನ ಹಾಗೆ ಟಣ್ಣೆಂದಿತು. ಹತ್ತು ಗ್ರಾಂ ಇಟ್ಟಿದ್ದರಲ್ಲಿ ಎರಡೂವರೆ ಗ್ರಾಂ ಉಳಿದಿತ್ತು.

ಅರೆದು, ತೆಳು ಲೋಹದ ಹಾಳೆಗೆ ಬಳಿದು, ಗಾಳಿ ಹೋಗದ ಗ್ಲೋವ್ ಬಾಕ್ಸಿನಲ್ಲಿ ಬೆಣ್ಣೆಯಂತೆ ಕೊಯ್ಯುವ ಸೋಡಿಯಂ ತುಂಡಿನ ಎದುರು ಕೂರಿಸಿ ನಾಣ್ಯದಷ್ಟು ಸಣ್ಣ ಬ್ಯಾಟರಿ, ಕಾಯಿನ್ ಸೆಲ್ ಮಾಡಿದೆ. ಮೊದಲ ಸಲ ಗ್ರಾಂಗೆ 310 ಮಿಲಿಆಂಪಿಯರ್-ಗಂಟೆ ತುಂಬಿತು, ಹಿಂದಕ್ಕೆ ಬಂದದ್ದು 190. ತುಂಬ ಬೇಜಾರಾಯಿತು. ಒಂದು ಕಾರಣ ಬೂದಿ. ಗಿಡ ಮಣ್ಣಿನಿಂದ ಎಳೆದುಕೊಂಡ ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ಇಂಗಾಲದಲ್ಲೇ ಕೂತಿತ್ತು. ಆಸಿಡ್‌ನಲ್ಲಿ ತೊಳೆದ ಮೇಲೆ ಹಿಂದಕ್ಕೆ ಬರುವುದು 230ಕ್ಕೆ ಏರಿದೆ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ಆ ಬೂದೀನೆ ಅಲ್ವ ನಾವು ರಾಗಿ ಹೊಲಕ್ಕೆ ಹಾಕದು" ಅಂದರು.

ಬ್ಯಾಟರಿಗೆ ಬೇಕು ಅಂತ ಕಡಿದರೆ ಕಾಡಿನ ಲಂಟಾನ ಮುಗಿಯುತ್ತೆ ಎಂದು ನಾನು ಹೇಳುವುದಿಲ್ಲ. ಬುಡ ಉಳಿದರೆ ಮೊದಲ ಮಳೆಗೆ ಅದು ಮತ್ತೆ ಚಿಗುರುತ್ತೆ. ನನಗೆ ಬೇಕಾದದ್ದು ಇನ್ನೊಂದು. ನಾನು ಒಂದು ಕಡ್ಡಿ ಸುಡಲು ಇಷ್ಟು ಶಾಖ, ಇಷ್ಟು ಹೊತ್ತು, ಇಷ್ಟು ಆರ್ಗಾನ್ ಎಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಅದಕ್ಕೆ ಪ್ರಯೋಗ ಎನ್ನುತ್ತಾರೆ. ಸೋಲಿಗರು ಯಾವ ತಿಂಗಳು, ಎಷ್ಟು ತೇವ, ಯಾವ ಗಾಳಿ ಎಂದು ನೋಡಿ ಸುಡುತ್ತಿದ್ದದ್ದೂ ಅದೇ ಅಲ್ಲವೇ? ಸಣ್ಣ ಸಣ್ಣ ತುಂಡು ಜಾಗದಲ್ಲಿ, ಅವರನ್ನೇ ಮುಂದೆ ನಿಲ್ಲಿಸಿಕೊಂಡು ತರಗುಬೆಂಕಿ ಹಾಕಿ, ಸುಡದ ಜಾಗದ ಜೊತೆ ಹತ್ತು ವರ್ಷ ಹೋಲಿಸಿ ನೋಡಬೇಕು. ಆ ಹಿರಿಯರಿಗೆ ಈಗ ಎಪ್ಪತ್ತು ದಾಟಿದೆ.

ಸದ್ಯ ಎರಡನೇ ಸೆಲ್ ತುಂಬಿ ಖಾಲಿಯಾಗುವ ನೂರನೇ ಸುತ್ತಿನ ಹತ್ತಿರ ಇದೆ. ಶಿವರಾತ್ರಿಗೆ ಊರಿಗೆ ಹೋದಾಗ ಬುಡದ ಕಟ್ಟಿಗೆ ತರಬೇಕು. ಎಳೆ ಕಡ್ಡಿಯ ಇದ್ದಿಲು ಬೇಗ ಪುಡಿಯಾಗುತ್ತೆ, ಹಳೇ ಬುಡದ್ದು ನಿಲ್ಲುತ್ತೆ ಎಂದು ಅಪ್ಪ ಹೇಳಿದ್ದಾರೆ. ನಾಲ್ಕು ಬುಡ ಅಗೆದು, ಮಣ್ಣು ಕೊಡವಿ, ಕೊಟ್ಟಿಗೆ ಅಟ್ಟದ ಮೇಲೆ ಒಣಗಲು ಹಾಕಿಟ್ಟಿದ್ದಾರಂತೆ.